ಜೊತೆಗೀಲಿ

ಒಬ್ಬ ಮನುಷ್ಯನ ರೋಗದ ಸುದ್ದಿ ಯಾರ ಸೊತ್ತು? ಈ ಪ್ರಶ್ನೆಗೆ ಸರ್ಕಾರ ಒಂದು ದಿನ ಉತ್ತರ ಕೊಟ್ಟೇಬಿಟ್ಟಿತು: ರೋಗಿಯದು. ರೋಗಿಯದೊಂದೇ. ಮಗನದಲ್ಲ, ಗಂಡನದಲ್ಲ, ಡಾಕ್ಟರದ್ದೂ ಅಲ್ಲ. ಸರ್ಕಾರ ಇಷ್ಟು ನೇರವಾಗಿ ಮಾತಾಡುವುದು ಅಪರೂಪ. ಮಾತಾಡಿದ್ದಕ್ಕೆ ಕಾರಣವೂ ಇತ್ತು.

ಅದಕ್ಕೆ ಮುಂಚೆ ಒಂದು ಮುಂಜಾನೆ ರಾಜ್ಯದ ಅರ್ಧಕ್ಕರ್ಧ ಆಸ್ಪತ್ರೆಗಳ ಕಂಪ್ಯೂಟರುಗಳು ತೆರೆದುಕೊಳ್ಳಲೇ ಇಲ್ಲ. ಎಲ್ಲೋ ಕೂತ ಕಳ್ಳರು ದಾಖಲೆಗಳಿಗೆಲ್ಲ ಬೀಗ ಜಡಿದಿದ್ದರು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಬೀಗ ತೆಗೆಸಿ ನೋಡಿದರೆ ರಕ್ತದ ಗುಂಪುಗಳು ಅದಲುಬದಲಾಗಿದ್ದವು, ಸಕ್ಕರೆ ಕಾಯಿಲೆಯವರು ಗಟ್ಟಿಮುಟ್ಟಾಗಿದ್ದರು, ಗಟ್ಟಿಮುಟ್ಟಾದವರಿಗೆ ಆಪರೇಶನ್ನಿನ ದಿನ ನಿಗದಿಯಾಗಿತ್ತು. ಎಷ್ಟು ಜನ ಸತ್ತರೆಂಬ ಬಗ್ಗೆ ಇವತ್ತಿಗೂ ಜಗಳವಿದೆ. ಆಗ ಬಂದದ್ದು ರೋಗಿ ಕೀಲಿ ಕಾಯ್ದೆ. ಅದನ್ನು ಜಾರಿ ಮಾಡಲೆಂದು ಹುಬ್ಬಳ್ಳಿಯಲ್ಲಿ ಆರೋಗ್ಯಜಾಲ ರಕ್ಷಣಾ ಪ್ರಾಧಿಕಾರ ಎಂಬ ಕಚೇರಿಯೂ ಬಂತು.

ಕಾಯ್ದೆಯ ಕೆಲಸವನ್ನೆಲ್ಲ ಮಾಡುತ್ತಿದ್ದುದು ಒಂದು ಉಂಗುರ. ಮೆಟ್ಟಿಲ ಮೇಲಿನ ಹೆಜ್ಜೆ ಸಪ್ಪಳದಿಂದಲೇ ಬಂದವರು ಯಾರೆಂದು ಮನೆಯವರಿಗೆ ತಿಳಿಯುತ್ತದಲ್ಲ, ಹಾಗೆ ಪ್ರತಿಯೊಬ್ಬರ ಹೃದಯದ ಬಡಿತಕ್ಕೂ ಅದರದೇ ಒಂದು ನಡಿಗೆ ಇರುತ್ತದೆ. ಉಂಗುರ ಅದನ್ನು ಗುರುತು ಹಿಡಿಯುತ್ತಿತ್ತು. ಆ ಬಡಿತಕ್ಕೆ ಮಾತ್ರ ಆ ಮನುಷ್ಯನ ದಾಖಲೆ ತೆರೆದುಕೊಳ್ಳುತ್ತಿತ್ತು. ತೆರೆದ ಕೂಡಲೇ ಯಂತ್ರವೊಂದು ಅದನ್ನು ಮೊದಲು ರೋಗಿಗೇ ಓದಿ ಹೇಳುತ್ತಿತ್ತು. ಕೊನೆಗೆ ‘ಅರ್ಥವಾಯಿತೇ?’ ಎಂದು ಕೇಳುತ್ತಿತ್ತು. ರೋಗಿ ತನ್ನ ಬಾಯಿಂದಲೇ ‘ಹೌದು’ ಅಂದ ಮೇಲಷ್ಟೇ ಡಾಕ್ಟರ ಪರದೆಗೆ ಹೋಗುತ್ತಿತ್ತು. ಆಸ್ಪತ್ರೆಯ ಔಷಧದ ಪಂಪು ಕೂಡ ಹಾಗೆಯೇ, ಏನು ಹರಿಸುತ್ತಿದ್ದೇನೆಂದು ರೋಗಿಗೆ ಹೇಳಿ, ಹೌದೆನ್ನಿಸಿಕೊಂಡು ಶುರುವಾಗುತ್ತಿತ್ತು. ಬೇಕಾದರೆ ರೋಗಿ ತನ್ನವರೊಬ್ಬರಿಗೆ ಜೊತೆಗೀಲಿ ಕೊಡಬಹುದು. ಹಾಗೆ ಪಡೆದವರು ಪಕ್ಕದಲ್ಲಿ ಕೂತು ಕೇಳಬಹುದು. ಕೊಡದಿದ್ದರೆ ಹೆತ್ತ ಮಗನೂ ಬಾಗಿಲ ಹೊರಗೆ.

ಕಳ್ಳರು ಇದರಿಂದ ನಿಜಕ್ಕೂ ಸುಸ್ತಾದರು. ನಮ್ಮ ಜನ ಅದಕ್ಕಿಂತ ಹೆಚ್ಚು ಸುಸ್ತಾದರು. ದೊಡ್ಡ ರೋಗ ಬಂದರೆ ರೋಗಿಗೊಬ್ಬನಿಗೆ ಬಿಟ್ಟು ಓಣಿಗೆಲ್ಲ ಹೇಳುವುದು ನಮ್ಮ ಪದ್ಧತಿ. ಅಪ್ಪನಿಗೆ ಗಡ್ಡೆ ಎಂದು ಸೊಸೆಯ ತವರಿಗೆ ಗೊತ್ತು, ಹಾಲಿನವನಿಗೆ ಗೊತ್ತು, ಅಪ್ಪನಿಗೆ ಮಾತ್ರ ಗ್ಯಾಸ್ ಟ್ರಬಲ್. ಇದನ್ನು ನಾವು ಪ್ರೀತಿ ಅನ್ನುತ್ತೇವೆ. ಕಾಯ್ದೆ ಬಂದ ಮೇಲೆ ಈ ಪ್ರೀತಿ ಮಾಡುವುದೇ ಕಷ್ಟವಾಯಿತು.

ಕಾಯ್ದೆಯ ಕಲಮುಗಳನ್ನು ಬರೆದ ಸಮಿತಿಯಲ್ಲಿದ್ದು, ಆಮೇಲೆ ಅದೇ ಪ್ರಾಧಿಕಾರದ ಉಪನಿರ್ದೇಶಕಿಯಾದವಳು ನೀಲಾಂಬಿಕಾ ಅಂಗಡಿ. ನೇರ ಮಾತಿನ ಹೆಂಗಸು. ಟೀವಿಯವರು ಮೈಕು ಹಿಡಿದರೆ ಹೇಳುತ್ತಿದ್ದಳು: “ಸುಳ್ಳು ಹೇಳೂದಕ್ಕ ಒಂದು ಕಿಂಡಿ ಬಿಟ್ರ, ಅದ ಕಿಂಡಿಯಿಂದ ಕಳ್ಳ ಬರ್ತಾನ. ಮಗ ಬಂದ ದಾರಿ ಕಳ್ಳಗೂ ದಾರಿನ.” ಮಾತು ಸರಿಯಾಗಿಯೇ ಇತ್ತು. ಅವಳಿಗೂ ಅದು ಸರಿಯೆಂದು ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಹಜರತಸಾಬ ನದಾಫನ ವಿಚಾರಣೆ ನಡೆದದ್ದು ಅವಳ ಮುಂದೆಯೇ. ಗಾದಿ ತುಂಬುವ ಕಸುಬಿನವನು, ನವಲಗುಂದದವನು. ಅವನ ಅಪ್ಪ ಇಮಾಮಸಾಬನಿಗೆ ಗಂಟಲಿನ ಕ್ಯಾನ್ಸರ್. ಅಪ್ಪ ನಿದ್ದೆಯಲ್ಲಿದ್ದಾಗ ಅವನ ಕೈಯನ್ನು ಯಂತ್ರದ ಮೇಲಿಟ್ಟು, ‘ಅರ್ಥವಾಯಿತೇ?’ ಎಂದಾಗ ಅಪ್ಪನ ದನಿ ತೆಗೆದು ತಾನೇ ‘ಹೌದು’ ಅಂದುಬಿಟ್ಟಿದ್ದ. ಯಂತ್ರಕ್ಕೆ ದನಿ ಹೊಂದಲಿಲ್ಲ, ಸಿಕ್ಕಿಬಿದ್ದ.

“ಮೇಡಂ, ಅಪ್ಪಾ ಅಂಜುಬುರುಕ ಅದಾನ್ರಿ. ಕೇಳಿದ್ರ ಉಣ್ಣೂದ ಬಿಡ್ತಾನ. ಅದಕ್ಕ ಮಾಡಿದ್ನಿ,” ಎಂದು ಕೈಮುಗಿದ.

“ಹಜರತಸಾಬ, ಅದು ನಿಮ್ಮಪ್ಪನ ಜೀವ. ನೀವು ಅದರ ಮಾಲಕರಲ್ಲ,” ಎಂದಳು ನೀಲಾಂಬಿಕಾ. ಕಲಂ ಹದಿನೇಳನ್ನು ಹಾಕಿದಳು. ಇನ್ನೊಬ್ಬರ ಬಡಿತವನ್ನೋ ಒಪ್ಪಿಗೆಯನ್ನೋ ನಕಲು ಮಾಡಿದವರಿಗೆ ಆ ಮನುಷ್ಯನ ಜೊತೆಗೀಲಿ ಜೀವಮಾನದಲ್ಲಿ ಸಿಗುವುದಿಲ್ಲ. ಅಪ್ಪ ತಾನಾಗಿ ಕೊಟ್ಟರೂ ಸಿಗುವುದಿಲ್ಲ. ಹಾಗೆ ಬರೆಯಬೇಕೆಂದು ಸಮಿತಿಯಲ್ಲಿ ಹಟ ಹಿಡಿದವಳು ಅವಳೇ. ಇಲ್ಲವಾದರೆ ಮನೆಯವರು ಮುದುಕರನ್ನು ಹೆದರಿಸಿ ಬರೆಸಿಕೊಳ್ಳುತ್ತಾರೆ ಎಂದು ವಾದಿಸಿದ್ದಳು.

ಅವತ್ತೇ ಇಮಾಮಸಾಬನನ್ನು ಕೂಡಿಸಿ ದಾಖಲೆ ಓದಿಸಿದರು. ಮುದುಕ ಕೊನೆತನಕ ಕೇಳಿಸಿಕೊಂಡ. ‘ಜೊತೆಗೀಲಿ ಯಾರಿಗೆ?’ ಎಂದು ಯಂತ್ರ ಕೇಳಿತು. “ನನ್ನ ಮಗಗ. ಹಜರತಸಾಬಗ,” ಅಂದ. ‘ಅವರು ಅರ್ಹರಲ್ಲ. ಬೇರೆ ಹೆಸರು ಹೇಳಿ’ ಅಂದಿತು ಯಂತ್ರ. ಮುದುಕ ಯಂತ್ರಕ್ಕೆ ಕಿವಿ ಮಂದ ಅಂದುಕೊಂಡನೋ ಏನೋ, ಇನ್ನೂ ಗಟ್ಟಿಯಾಗಿ “ಹಜರತಸಾಬ!” ಎಂದು ಕೂಗಿದ. ಆಮೇಲೆ ಮತ್ತೊಂದು ಸಲ. ನೀಲಾಂಬಿಕಾ ಅಷ್ಟರಲ್ಲಿ ಮುಂದಿನ ಪ್ರಕರಣದ ಕಾಗದ ತಿರುವುತ್ತಿದ್ದಳು.

ಅದಾಗಿ ಕೆಲವು ತಿಂಗಳಿಗೆ ಅವಳ ತಾಯಿ ಬಸಲಿಂಗವ್ವನಿಗೆ ಹೊಟ್ಟೆನೋವು ಶುರುವಾಯಿತು.

ಬಸಲಿಂಗವ್ವ ನೀಲಾಂಬಿಕಾಳ ಜೊತೆಗೇ ವಿದ್ಯಾನಗರದಲ್ಲಿದ್ದಳು. ಗಟ್ಟಿ ದನಿಯ, ಎಲ್ಲರಿಗೂ ಬುದ್ಧಿ ಹೇಳುವ, ಸೋಲೆಂದರೆ ಆಗದ ಹೆಂಗಸು. ಸರ್ಕಾರದ ಉಂಗುರವೆಂದರೆ ಅವಳಿಗೆ ಎಲ್ಲಿಲ್ಲದ ಹೆಮ್ಮೆ. ತರಕಾರಿಯವಳಿಗೂ ಕೈ ಚಾಚಿ ತೋರಿಸುತ್ತಿದ್ದಳು: “ನನ್ನ ಮಗಳು ಮಾಡಿದ್ದು. ದೇಶಕ್ಕೆಲ್ಲಾ ಅಕಿನ ಹಾಕ್ಸ್ಯಾಳ.” ಉಂಗುರ ಮಾಡಿದವಳು ತಾನಲ್ಲ ಎಂದು ನೀಲಾಂಬಿಕಾ ಎಷ್ಟು ಸಲ ಹೇಳಿದರೂ ಅದು ಅವಳ ಕಿವಿಗೆ ಹೋಗುತ್ತಿರಲಿಲ್ಲ.

ಸ್ಕ್ಯಾನ್ ಮಾಡಿದ ದಿನ ಡಾಕ್ಟರ್ ಇನಾಂದಾರ ಫೋನ್ ಮಾಡಿದರು. ನೀಲಾಂಬಿಕಾಳ ಕಾಲೇಜಿನ ಗೆಳೆಯ. “ವರದಿಗೆ ಕೀಲಿ ಬಿದ್ದೈತಿ. ಆದ್ರ ಸ್ಕ್ಯಾನ್ ಮಾಡೂವಾಗ ನಾನ ನೋಡೀನಲ್ಲಾ, ನೀಲಾ. ಮೇದೋಜೀರಕದಾಗ ಗಡ್ಡಿ ಐತಿ. ಹಬ್ಬೇತಿ. ನಾಳೆ ಅಮ್ಮಾರು ಉಂಗುರ ಹಾಕ್ಕೊಂಡು ಬಂದ್ರ ಯಂತ್ರ ಎಲ್ಲಾ ಓದಿಬಿಡ್ತೈತಿ. ಅದಕ್ಕ ಮೊದಲ ನಿನಗ ಹೇಳಿದೆ.” ಹೀಗೆ ಹೇಳುವುದೇ ಅಪರಾಧ ಎಂದು ಇಬ್ಬರಿಗೂ ಗೊತ್ತಿತ್ತು.

ತಮ್ಮ ಮಹಾಂತೇಶ ಪ್ರಾಥಮಿಕ ಶಾಲೆಯ ಮಾಸ್ತರ, ನಾಕು ಓಣಿ ಆಚೆ ಮನೆ. ಸುದ್ದಿ ಕೇಳಿ ಓಡಿ ಬಂದು ಹಿತ್ತಲಲ್ಲಿ ನಿಂತು ಅತ್ತ. “ಅಕ್ಕಾ, ಅವ್ವಗ ಹೇಳಬ್ಯಾಡ. ಅಕಿ ಎದಿ ಒಡಕೊಂಡ ಸಾಯ್ತಾಳ. ಇರೂತನಕರ ನಕ್ಕೋತ ಇರಲಿ.”

“ಕಾಯ್ದೆ ಐತಿ, ಮಹಾಂತೇಶ.”

“ಕಾಯ್ದೆ ನಿಂದಲ್ಲೇನು? ನಿನ್ನ ಕೈಯಾಗಿರೂ ಕೀಲಿ ನಮ್ಮ ಅವ್ವನ ಟೈಮಿಗೆ ಬರಲಿಲ್ಲಂದ್ರ ಏನ್ ಸುಡ್ಲೀ ಅದನ್ನ?”

ಆಗ ನೀಲಾಂಬಿಕಾ ಬೈಯಬೇಕಿತ್ತು. ಬೈಯಲಿಲ್ಲ. ಅಡಿಗೆಮನೆಯಿಂದ ಅವ್ವ ಪಕ್ಕದ ಮನೆಯವಳಿಗೆ ಮೊಣಕಾಲು ನೋವಿಗೆ ಏನು ಹಚ್ಚಬೇಕೆಂದು ಗದರಿಸಿ ಹೇಳುತ್ತಿದ್ದುದು ಕೇಳುತ್ತಿತ್ತು. ಆ ದನಿ ಸಣ್ಣದಾಗುವುದನ್ನು ಕೇಳುವ ಶಕ್ತಿ ತನಗಿಲ್ಲ ಅನ್ನಿಸಿತು ಅವಳಿಗೆ. ಗಮನಿಸಿ, ಶಕ್ತಿ ಇಲ್ಲದ್ದು ಅವಳಿಗೆ. ಆದರೆ ಹೇಳಿಕೊಂಡದ್ದು ಅವ್ವನಿಗೆ ತಡೆಯುವ ಶಕ್ತಿ ಇಲ್ಲ ಎಂದು.

ಪ್ರಾಧಿಕಾರದ ಕಟ್ಟಡದಲ್ಲಿ ಅಭ್ಯಾಸದ ಕೋಣೆ ಎಂದೊಂದಿದೆ. ಆಸ್ಪತ್ರೆಗಳ ಭದ್ರತೆಯನ್ನು ಪರೀಕ್ಷಿಸಲು ಅಧಿಕಾರಿಗಳೇ ಕಳ್ಳರಂತೆ ನಟಿಸಿ ಅಲ್ಲಿಂದ ಅಣಕು ದಾಳಿ ಮಾಡುತ್ತಾರೆ. ಅದಕ್ಕೆಂದು ಸುಳ್ಳು ಬಡಿತ ತಯಾರಿಸುವ ಯಂತ್ರವಿದೆ, ಒಂದು ಮಂಚವಿದೆ, ರೋಗಿ ಕೂರುವ ಕುರ್ಚಿಯಿದೆ. ಅಭ್ಯಾಸ ಮುಗಿದ ಕೂಡಲೇ ಸುಳ್ಳು ಬಡಿತವನ್ನು ಅಳಿಸಬೇಕು, ಇದು ನಿಯಮ. ಮರುದಿನ ಬೆಳಿಗ್ಗೆ ನೀಲಾಂಬಿಕಾ ಅಲ್ಲಿಗೆ ಒಬ್ಬಳೇ ಹೋಗಿ, ಉಂಗುರ ತೊಡಿಸಿದ ದಿನ ತೆಗೆದ ಮಾದರಿಯಿಂದ ಅವ್ವನ ಬಡಿತದ ನಕಲು ಮಾಡಿದಳು. ಒಪ್ಪಿಗೆಗೆ ಅವ್ವನ ದನಿ ಬೇಕಲ್ಲ, ಫೋನಿನ ಹಳೆಯ ಮಾತೊಂದರಿಂದ ಅವಳ ‘ಹೌದು’ ಕತ್ತರಿಸಿಕೊಂಡಳು. ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹಾಕಲೇನವ್ವಾ ಎಂದು ಕೇಳಿದ್ದಕ್ಕೆ ಅವ್ವ ಹೇಳಿದ ಹೌದು ಅದು.

ಯಂತ್ರ ಶುದ್ಧ ಕನ್ನಡದಲ್ಲಿ ಶುರು ಮಾಡಿತು. “ಬಸಲಿಂಗವ್ವ ಅಂಗಡಿ ಅವರೇ, ದಯವಿಟ್ಟು ಗಮನವಿಟ್ಟು ಕೇಳಿ.” ಖಾಲಿ ಕುರ್ಚಿಗೆ ಅದು ಎಲ್ಲವನ್ನೂ ನಿಧಾನವಾಗಿ, ಮರ್ಯಾದೆಯಿಂದ ಓದಿತು. ಗಡ್ಡೆ ಎಲ್ಲಿದೆ, ಎಲ್ಲಿಗೆ ಹಬ್ಬಿದೆ, ಔಷಧದಿಂದ ಏನಾಗಬಹುದು, ಏನಾಗದು. ಕಷ್ಟದ ಮಾತು ಬಂದಾಗ ಸ್ವಲ್ಪ ತಡೆದು ಓದಬೇಕೆಂದು ಅದಕ್ಕೆ ಕಲಿಸಿದ್ದರು. ಹಾಗೆ ಕಲಿಸಬೇಕೆಂದು ಸಲಹೆ ಕೊಟ್ಟವಳೂ ನೀಲಾಂಬಿಕಾಳೇ. “ಅರ್ಥವಾಯಿತೇ?” ಎಂದಿತು. ಅವಳು ಗುಂಡಿ ಒತ್ತಿದಳು. “ಹೌದು,” ಎಂದಳು ಅವ್ವ, ಉಳ್ಳಾಗಡ್ಡಿಯ ಉತ್ಸಾಹದಲ್ಲಿ.

ನೀಲಾಂಬಿಕಾಳಿಗೆ ಮೈ ಹಿಡಿಯಷ್ಟಾಯಿತು. ಆದರೂ ಬಡಿತವನ್ನು ಅಳಿಸಲಿಲ್ಲ. ಅಳಿಸುವಂತಿರಲಿಲ್ಲ, ಪ್ರತಿ ಸಲ ಔಷಧ ಏರಿಸುವಾಗಲೂ ಪಂಪಿಗೆ ಅದು ಬೇಕಾಗಿತ್ತು.

ಬಸಲಿಂಗವ್ವನಿಗೆ ಜಠರದಲ್ಲಿ ಹುಣ್ಣು ಎಂದು ಹೇಳಿದರು. ಆಸ್ಪತ್ರೆಯ ಹಗಲು ಚಿಕಿತ್ಸೆಯ ವಾರ್ಡಿನಲ್ಲಿ ಶಕ್ತಿಯ ಸಲಾಯಿನ್ ಎಂದು ಔಷಧ ಏರಿಸಿದರು. ಕೂದಲು ಉದುರದಂಥ ಔಷಧವನ್ನೇ ಇನಾಂದಾರ ಆರಿಸಿದ್ದರು. ಉಂಗುರದಿಂದ ಬೆರಳು ಬಾತುಕೊಳ್ಳುತ್ತದೆ ಎಂದು ನರ್ಸು ಅದನ್ನು ಮನೆಯಲ್ಲೇ ಬಿಟ್ಟುಬರಲು ಹೇಳಿದಳು; ನಿಜವಾದ ಬಡಿತವೂ ನಕಲೂ ಒಟ್ಟಿಗೆ ಕಂಡರೆ ಸುಳ್ಳು ಬಯಲಾಗುತ್ತಿತ್ತು. ಎಲ್ಲರೂ ಸೇರಿ ನಡೆಸುವ ಸುಳ್ಳು ಎಷ್ಟು ಸಲೀಸಾಗಿ ಹೋಗುತ್ತದೆ ಎಂದರೆ, ಸತ್ಯಕ್ಕೆ ನಮ್ಮಲ್ಲಿ ಯಾರೂ ಇಷ್ಟು ಒಗ್ಗಟ್ಟಾಗಿ ದುಡಿದದ್ದಿಲ್ಲ.

ಒಂದು ಸಂಜೆ ನೀಲಾಂಬಿಕಾ ಮನೆಗೆ ಬಂದರೆ ಅವ್ವ ಪಡಸಾಲೆಯಲ್ಲಿ ಕುಣಿಯುವುದೊಂದು ಬಾಕಿ.

“ನೀಲಾ! ಸೋತಳು! ಅಕಿನ ಫೋನ್ ಮಾಡಿದ್ಳು!”

“ಯಾರವ್ವಾ?”

“ಮತ್ಯಾರು, ನಿಮ್ಮ ಚಿಗವ್ವ!”

ಗಜೇಂದ್ರಗಡದಲ್ಲಿರುವ ತಂಗಿ ಶಿವಗಂಗವ್ವನಿಗೂ ಬಸಲಿಂಗವ್ವನಿಗೂ ಮಹಾಂತೇಶನ ಮದುವೆಯಿಂದ ಮಾತಿಲ್ಲ. ನೆಂಟರಿಗೆ ಉಡುಗೊರೆ ಕೊಡುವ ಆಹೇರಿನಲ್ಲಿ ತನಗೆ ಹಗುರ ಸೀರೆ ಉಡಿಸಿದರೆಂದು ಶಿವಗಂಗವ್ವ ಊಟದ ಪಂಕ್ತಿಯಿಂದ ಎದ್ದು ಹೋಗಿದ್ದಳು. ಎದ್ದು ಹೋದವಳೇ ಮೊದಲು ಮಾತಾಡಲಿ ಎಂದು ಇವಳು, ಸೀರೆ ಕೊಟ್ಟವಳೇ ಮೊದಲು ಕರೆಯಲಿ ಎಂದು ಅವಳು. ಮೊಮ್ಮಕ್ಕಳು ಹುಟ್ಟಿ ಶಾಲೆಗೆ ಹೋದರೂ ಇಬ್ಬರೂ ಜಗ್ಗಿರಲಿಲ್ಲ.

“ಏನಂದ್ಳು?”

“‘ಅಕ್ಕಾ, ಹೆಂಗದೀ’ ಅಂದ್ಳು. ಅತ್ತಳು ನೋಡು! ಅಷ್ಟು ಸೊಕ್ಕಿನಾಕಿ ಅತ್ತಳು. ನಾ ಏನ್ ಕಲ್ಲೇನು? ಇರಲಿ ಬಿಡ ತಂಗಿ, ಆಗೂದು ಆತು, ನನ್ನ ಹುಣ್ಣು ಒಂದು ಮಾಯಲಿ, ಬರ್ತೀನಿ ಅಂದೆ. ದೊಡ್ಡಾಕಿ ಅಂದ ಮ್ಯಾಲ ಕ್ಷಮಾ ಮಾಡಬೇಕಲ್ಲಾ.” ಆಮೇಲೆ ಅವಳ ಮುಖ ಮೆತ್ತಗಾಯಿತು. “ನಾನೂ ಭಾಳ ಸಲ ಫೋನ್ ಎತ್ತಿ ಇಟ್ಟೀನವ್ವಾ. ಆದ್ರ ನೋಡು, ಗೆದ್ದದ್ದು ನಾನ.”

ಶಿವಗಂಗವ್ವನಿಗೆ ಸುದ್ದಿ ಮುಟ್ಟಿಸಿದವನು ಮಹಾಂತೇಶ. ಅದು ನೀಲಾಂಬಿಕಾಳಿಗೆ ಗೊತ್ತಿತ್ತು. “ಭಾಳ ಚಲೋ ಆತವ್ವಾ,” ಎಂದು ಬಚ್ಚಲಿಗೆ ಹೋಗಿ ನಳ ಬಿಟ್ಟಳು. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲು ನಾಚಿಕೆಯಾಯಿತು. ಅವ್ವನಿಗೆ ಸಿಕ್ಕ ಗೆಲುವೂ ಸುಳ್ಳಿನದು.

ಮುಂದಿನ ಸಲ ಔಷಧಕ್ಕೆ ಮಹಾಂತೇಶನಿಗೆ ರಜೆ ಸಿಗಲಿಲ್ಲ. ನೀಲಾಂಬಿಕಾ ಮೊದಲ ಸಲ ಆ ವಾರ್ಡಿಗೆ ಹೋದಳು. ಸಾಲಾಗಿ ಕುರ್ಚಿಗಳು, ಪ್ರತಿ ಕುರ್ಚಿಗೊಂದು ಪಂಪು, ಕಿವಿಯ ಹತ್ತಿರ ಸಣ್ಣ ದನಿಯಲ್ಲಿ ಮಾತಾಡುವ ಸ್ಪೀಕರು. ಅವ್ವನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮುದುಕನ ಗುರುತು ಅವಳಿಗೆ ಕೂಡಲೇ ಹತ್ತಿತು. ಇಮಾಮಸಾಬ. ಅವನ ಪಕ್ಕದಲ್ಲಿದ್ದ ಹಜರತಸಾಬ ಅವಳನ್ನು ನೋಡಿದವನೇ ಎದ್ದು ನಿಂತ.

ಅಷ್ಟರಲ್ಲಿ ಮುದುಕನ ಪಂಪು ಮಾತಾಡಲು ಶುರು ಮಾಡಿತು. ನರ್ಸು ಹಜರತಸಾಬನತ್ತ ನೋಡಿದಳಷ್ಟೇ. ಜೊತೆಗೀಲಿ ಇಲ್ಲದವನು ಆ ಮಾತು ಕೇಳುವಂತಿಲ್ಲ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಬಾಗಿಲ ಗಾಜಿನಾಚೆ ನಿಂತ. ಅಭ್ಯಾಸವಾಗಿ ಹೋಗಿತ್ತು ಅವನಿಗೆ.

“ನೋಡ ನೀಲಾ, ಎಲ್ಲಾರ ಮಶೀನು ಮಾತಾಡ್ತಾವ, ನಂದ ಒಂದು ಮೂಗ,” ಎಂದು ಬಸಲಿಂಗವ್ವ ನಕ್ಕಳು. “ಹೇಳೂವಂಥಾದ್ದು ಏನಿದ್ರ ತಾನ ಹೇಳೂದು?” ಆಮೇಲೆ ಮುದುಕನ ಕಡೆ ತಿರುಗಿ, “ಇಮಾಮಸಾಬಣ್ಣಾ, ಎದಿಗುಂದಬ್ಯಾಡ್ರಿ. ದೊಡ್ಡ ರೋಗ ಅಂತ ಅಂಜಿದ್ರ ಅರ್ಧಾ ಸತ್ತಂಗ. ನನಗ ಅಂಥಾದ್ದು ಬಂದಿದ್ರ ನಾ ಹೆಂಗ ಇರ್ತಿದ್ದೆ ನೋಡ್ರಿ, ಹುಲಿ ಇದ್ದಂಗ!”

ಎದುರಿನ ಕುರ್ಚಿಯ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡಳು. ಇಮಾಮಸಾಬ ಒಡೆದ ದನಿಯಲ್ಲಿ, “ಹೌದ್ರಿ ಅಮ್ಮಾ. ನಿಮ್ಮನ್ನ ನೋಡಿದ್ರ ನಮಗೆಲ್ಲಾ ಧೈರ್ಯ ಬರ್ತೈತಿ,” ಎಂದ. ಅವಳಿಗೆ ಏರಿಸುತ್ತಿರುವುದು ಯಾವ ರೋಗದ ಔಷಧವೆಂದು ಎಲ್ಲರಿಗೂ ಗೊತ್ತಿತ್ತು. ಇಡೀ ವಾರ್ಡು ಅವಳಿಗಾಗಿ ನಾಟಕ ಆಡುತ್ತಿತ್ತು.

ನೀಲಾಂಬಿಕಾ ಹೊರಗೆ ಬಂದಳು. ಹಜರತಸಾಬ ತಾನು ಒರಗಿದ್ದ ಕಟ್ಟೆಯ ಮೇಲೆ ಟವೆಲು ಹಾಸಿ, “ಕೂಡ್ರಿ ಮೇಡಂ,” ಎಂದ. ದನಿ ತಗ್ಗಿಸಿ ಹೇಳಿದ: “ಅಮ್ಮಾರಿಗೆ ಇಲ್ಲಿ ಯಾರೂ ಹೇಳಂಗಿಲ್ರಿ. ನಮ್ಮಪ್ಪಗೂ ತಾಕೀತು ಮಾಡೀನಿ. ನೀವು ಚಿಂತಿ ಮಾಡಬ್ಯಾಡ್ರಿ.”

ಅವನ ಮಾತಿನಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅವನು ಬೈದಿದ್ದರೆ, ದೂರು ಕೊಡುತ್ತೇನೆ ಅಂದಿದ್ದರೆ, ಅವಳು ಅಧಿಕಾರಿಯಾಗಿ ಏನಾದರೂ ಹೇಳುತ್ತಿದ್ದಳು. ಅವನು ಅವಳೂ ತನ್ನಂಥವಳೇ ಎಂಬಂತೆ ಪಕ್ಕ ನಿಂತುಬಿಟ್ಟಿದ್ದ. ನೆಲ ಬಾಯ್ಬಿಟ್ಟರೆ ಸಾಕು ಅನ್ನಿಸಿತು ಅವಳಿಗೆ.

“ನಿಮ್ಮ ತಂದಿ… ಊಟ ಬಿಟ್ರೇನು? ಸುದ್ದಿ ಕೇಳಿದ ಮ್ಯಾಲ?” ಎಂದು ಕೇಳಿದಳು.

“ಇಲ್ರಿ. ಒಂದಿನ ಮಾರಿ ಆ ಕಡೆ ಮಾಡಿ ಮಲಗಿದ್ದ. ಮರುದಿನ ಎದ್ದು, ನಾ ಸತ್ತ ಮ್ಯಾಲ ಗಾದಿ ಮಶೀನು ಸಣ್ಣ ಮಗಗ ಕೊಡಪಾ ಅಂದ. ಆಮ್ಯಾಲ, ಮೀನ ಮಾಡ್ರಿ, ತಿಂತೀನಿ ಅಂದ.” ಹಜರತಸಾಬ ನಕ್ಕ. “ನನಗ ಅಂವ ಇಷ್ಟು ಗಟ್ಟಿ ಅದಾನಂತ ಗೊತ್ತ ಇದ್ದಿಲ್ರಿ.”

ಅವತ್ತೇ ಮನೆಗೆ ಹೋಗಿ ಹೇಳಿಬಿಡಬೇಕೆಂದುಕೊಂಡಳು. ಹೇಳಲಿಲ್ಲ. ದಾರಿಯುದ್ದಕ್ಕೂ ಅವ್ವ ಗಜೇಂದ್ರಗಡಕ್ಕೆ ಹೋಗುವಾಗ ಉಡುವ ಸೀರೆಯ ಬಗ್ಗೆ ಮಾತಾಡಿದಳು, ಇವಳು ಹೂಂಗುಟ್ಟಿದಳು.

ಕೊನೆಗೆ ಬಯಲಿಗೆಳೆದದ್ದು ಅವ್ವನ ಹೆಮ್ಮೆಯೇ. ಮುಂದಿನ ಸಲ ವಾರ್ಡಿನಲ್ಲಿದ್ದಾಗ ಶಿವಗಂಗವ್ವ ವಿಡಿಯೋ ಕಾಲ್ ಮಾಡುವವಳಿದ್ದಳು. ತಂಗಿಗೆ ಮಗಳ ಉಂಗುರ ತೋರಿಸದೆ ಇರುವುದುಂಟೇ? ಬಸಲಿಂಗವ್ವ ಅದನ್ನು ಸೊಂಟದ ಚೀಲದಲ್ಲಿ ಒಯ್ದು, ನರ್ಸು ಅತ್ತ ಹೋದಾಗ ಬೆರಳಿಗೆ ಏರಿಸಿದಳು.

ಪ್ರಾಧಿಕಾರದ ನಿಯಂತ್ರಣ ಕೊಠಡಿಯಲ್ಲಿ ಕೆಂಪು ದೀಪ ಹತ್ತಿತು. ಪರದೆಯ ಮುಂದಿದ್ದವಳು ಸ್ಮಿತಾ ಹಂಚಿನಮನಿ, ಕೆಲಸಕ್ಕೆ ಸೇರಿ ವರ್ಷವಾಗದ ಅಧಿಕಾರಿ. ನೀಲಾಂಬಿಕಾಳ ಟೀವಿ ಮಾತು ಕೇಳಿಯೇ ಈ ಕೆಲಸಕ್ಕೆ ಅರ್ಜಿ ಹಾಕಿದವಳು.

“ಮೇಡಂ, ಬರ್ರಿ ಇಲ್ಲೆ! ಒಬ್ಬರ ಹೃದಯ ಎರಡು ಕಡೆ ಬಡ್ಕೊಳ್ಳಾಕತ್ತೈತಿ. ಒಂದು ಆಸ್ಪತ್ರ್ಯಾಗ. ಇನ್ನೊಂದು…” ಅವಳ ಬೆರಳು ಪರದೆಯ ಮೇಲೆ ನಿಂತಿತು. “ಇನ್ನೊಂದು ನಮ್ಮ ಕಟ್ಟಡದಾಗ ಐತ್ರಿ. ಅಭ್ಯಾಸದ ಕೋಣ್ಯಾಗ.” ಆಮೇಲೆ ಹೆಸರು ಓದಿದಳು. ಆಮೇಲೆ ನೀಲಾಂಬಿಕಾಳ ಮುಖ ನೋಡಿದಳು. ಗೌರವ ಇಟ್ಟವರ ಕಣ್ಣು ಇಳಿಯುವುದನ್ನು ಎದುರು ನಿಂತು ನೋಡುವುದಕ್ಕಿಂತ ಹೊಡೆತ ತಿನ್ನುವುದು ಮೇಲು.

ನಿರ್ದೇಶಕ ದೇಸಾಯಿಯವರು ಬಾಗಿಲು ಮುಚ್ಚಿಸಿ ಕೂಡಿಸಿದರು. ಒಳ್ಳೆಯ ಮನುಷ್ಯ, ನೀರು ತರಿಸಿಕೊಟ್ಟರು. “ಅಭ್ಯಾಸದ್ದು ಅಳಸಾಕ ಮರತೈತಿ ಅಂತ ಬರದು ಮುಗಸ್ರಿ. ತಾಯಿ ವಿಷಯ. ಯಾರ ಮಾಡಂಗಿಲ್ಲ ಹೇಳ್ರಿ? ಕಾನೂನು ಇರೂದು ಆ ನದಾಫನಂಥವ್ರಿಗೆ, ತಿಳುವಳಿಕಿ ಇಲ್ದವ್ರಿಗೆ. ನಮ್ಮಂಥವ್ರಿಗಲ್ಲ.”

ಒಪ್ಪಿಕೊಳ್ಳಬೇಕೆಂದು ಅವಳಿಗೆ ಆಸೆಯಾಯಿತು. ಬಹಳ ಆಸೆಯಾಯಿತು. ಆದರೆ ಆ ಕೊನೆಯ ಮಾತು ಕಪಾಳಕ್ಕೆ ಬಿದ್ದ ಹಾಗಾಯಿತು. ಕಟ್ಟೆಯ ಮೇಲೆ ಟವೆಲು ಹಾಸಿದ ಮನುಷ್ಯ ಕಣ್ಣ ಮುಂದೆ ಬಂದ.

“ಸರ್, ನದಾಫ ಅಪ್ಪ ನಿದ್ದ್ಯಾಗಿದ್ದಾಗ ಒಂದು ಸಲ ಸುಳ್ಳು ಹೇಳಿದ. ನಾ ಎಚ್ಚರಿದ್ದಾಕಿ ಮುಂದ ಕುಂತು ದಿನಾ ಹೇಳೀನಿ. ಸರ್ಕಾರದ ಯಂತ್ರ ಬಳಸಿ ಹೇಳೀನಿ.” ತನ್ನ ಮೇಲೆ ತಾನೇ ದೂರು ಬರೆದಳು. ಕಲಂ ಹದಿನೇಳು ಎಂದೂ ತಾನೇ ಬರೆದಳು. ಅದರ ಅರ್ಥ ಅವಳಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ.

ನಕಲಿ ಬಡಿತ ಕಂಡುಬಂದರೆ ಅಧಿಕಾರಿಯೊಬ್ಬರು ರೋಗಿಯ ಎದುರು ಕೂತು ಪೂರ್ತಿ ದಾಖಲೆ ಓದಿಸಬೇಕು. ಆ ಕೆಲಸ ಸ್ಮಿತಾಳಿಗೆ ಬಂತು. ಅವಳು ಬರುವುದಕ್ಕೆ ಮೊದಲೇ ನೀಲಾಂಬಿಕಾ ಮನೆಗೆ ಓಡಿದಳು. ಬಸಲಿಂಗವ್ವ ಆಸ್ಪತ್ರೆಯಿಂದ ಬಂದು ಅಡಿಗೆಮನೆಯಲ್ಲಿ ಕೂತು ಮೆಂತ್ಯಪಲ್ಯದ ಸೊಪ್ಪು ಸೋಸುತ್ತಿದ್ದಳು. ಮಗಳು ಎದುರು ಕೂತು ಹೇಳಿದಳು. ನಡುವೆ ನಿಲ್ಲಿಸಲಿಲ್ಲ, ಅಳಲೂ ಇಲ್ಲ. ಅಳುವ ಹಕ್ಕು ತನಗಿಲ್ಲ ಅನ್ನಿಸಿತ್ತು.

ಬಸಲಿಂಗವ್ವ ಪಲ್ಯದ ಕಡ್ಡಿಯನ್ನು ಕೈಯಲ್ಲೇ ಹಿಡಿದಿದ್ದಳು. ಅವಳು ಕೇಳಿದ ಮೊದಲ ಪ್ರಶ್ನೆ ತನ್ನ ಜೀವದ ಬಗ್ಗೆ ಅಲ್ಲ.

“ಇಮಾಮಸಾಬಗ ಗೊತ್ತಿತ್ತೇನು?”

“ಗೊತ್ತಿತ್ತವ್ವಾ.”

“ಎದುರು ಕುಂದರ್ತಾಳಲ್ಲಾ, ಆ ಹೆಣಮಗಳಿಗೆ?”

“ಎಲ್ಲಾರಿಗೂ.”

“ಅಯ್ಯ ಶಿವನೇ. ನಾ ಅವರಿಗೆ ಬುದ್ಧಿ ಹೇಳಿದ್ನೆಲ್ಲೇ! ಹುಲಿ ಅಂತ ಹೇಳಿಕೊಂಡ್ನೆಲ್ಲೇ ಅವರ ಮುಂದ! ಅವರೆಲ್ಲಾ ಪಾಪ ಅಂತ ಕೇಳಿಸಿಕೊಂಡ್ರಲ್ಲಾ…” ಮುಖ ಮುಚ್ಚಿಕೊಂಡಳು. ಫಕ್ಕನೆ ಕೈ ತೆಗೆದಳು. “ಶಿವಗಂಗಾ? ಅಕಿ ಫೋನ್ ಮಾಡಿದ್ದು?”

ನೀಲಾಂಬಿಕಾ ತಲೆ ತಗ್ಗಿಸಿದಳು.

“ಹಂಗಾದ್ರ ಅಕಿ ಸೋತಿಲ್ಲ.” ಬಸಲಿಂಗವ್ವನ ದನಿ, ಮಗಳು ಯಾವುದನ್ನು ಕೇಳಲಾರೆ ಎಂದುಕೊಂಡಿದ್ದಳೋ ಅಷ್ಟು ಸಣ್ಣದಾಯಿತು. “ಸಾಯಾಕತ್ತಾಳ ಅಂತ ಮಾಡ್ಯಾಳ. ನಾ ಮಳ್ಳಿಯಂಗ ಕ್ಷಮಾ ಮಾಡೇನಿ ಅಂದೆ. ಗುಣಾದ ಮ್ಯಾಲ ಬರ್ತೀನಿ ಅಂದೆ. ಮೊದಲ ಹೇಳಿದ್ರ ನಾನ ಹೋಗ್ತಿದ್ದೆನೆಲ್ಲೇ, ನೀಲಾ. ಹೊಟ್ಟ್ಯಾಗ ಶಕ್ತಿ ಇದ್ದಾಗ, ನಡಕೋತ ಹೋಗಿ ಅಕಿ ಬಾಗಲಾ ಬಡೀತಿದ್ದೆ. ಸಾಯೂದು ಇರಲಿ, ಎಲ್ಲಾರೂ ಸಾಯ್ತಾರ. ನನ್ನ ಯಾಕ ಕೂಸು ಮಾಡಿದ್ರಿ? ಊರ ಮುಂದ ಯಾಕ ಹುಚ್ಚಿ ಮಾಡಿದ್ರಿ?”

“ತಪ್ಪಾತವ್ವಾ.”

“ತಪ್ಪ ಮಾಡೂವಾಗ ಅವ್ವನ ನೆಪ ಹೇಳಿದ್ರಿ. ಈಗ ನನ್ನ ಮುಂದ ಹೇಳಿದ್ರ ಏನಾತು?”

ಬಾಗಿಲು ಬಡಿದ ಸದ್ದಾಯಿತು. ಸ್ಮಿತಾ ಓದುವ ಯಂತ್ರದ ಪೆಟ್ಟಿಗೆ ಹಿಡಿದು ನಿಂತಿದ್ದಳು; ನೀಲಾಂಬಿಕಾಳ ಮುಖ ನೋಡಲಿಲ್ಲ. ಒಳಕೋಣೆಯಲ್ಲಿ ಬಸಲಿಂಗವ್ವ ನೆಟ್ಟಗೆ ಕೂತು ಉಂಗುರದ ಕೈಯನ್ನು ಮುಂದಿಟ್ಟಳು.

“ಓದುವಾಗ ಜೊತೆಗೆ ಯಾರಿರಬಹುದು?” ಎಂದಿತು ಯಂತ್ರ.

“ಈ ಹುಡುಗಿ ಇರಲಿ,” ಎಂದು ಸ್ಮಿತಾಳನ್ನು ತೋರಿಸಿದಳು. “ಇಕಿ ಹೊರಗ ಹೋಗಲಿ.”

ನೀಲಾಂಬಿಕಾ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಒಳಗಿನ ಮಾತು ಕೇಳುವುದು ತಪ್ಪೆಂದು ಗೊತ್ತಿದ್ದೂ ಕಾಲು ಕೀಳಲಾಗಲಿಲ್ಲ. ಖಾಲಿ ಕುರ್ಚಿಗೆ ಓದಿದ್ದನ್ನೇ ಅದೇ ಮರ್ಯಾದೆಯ ದನಿ ಮತ್ತೆ ಓದುತ್ತಿತ್ತು. ನಡುನಡುವೆ ಅವ್ವ ತಡೆದು ಕೇಳುತ್ತಿದ್ದಳು: “ಹಬ್ಬೇತಿ ಅಂದ್ರ ಎಲ್ಲೀತನಾ?” “ಇನ್ನೊಮ್ಮೆ ಹೇಳು.” “ನಡಿಯಾಕ ಯಾವಾಗಿಂದ ಆಗಂಗಿಲ್ಲ?” ಯಂತ್ರ ಬೇಸರವಿಲ್ಲದೆ ಹೇಳುತ್ತಿತ್ತು. ಇಷ್ಟು ಪ್ರಶ್ನೆಗಳು ಅವ್ವನ ಹೊಟ್ಟೆಯಲ್ಲಿದ್ದವೆಂದು ಮಗಳಿಗೆ ಗೊತ್ತೇ ಇರಲಿಲ್ಲ.

“ಅರ್ಥವಾಯಿತೇ?”

“ಹೌದು,” ಎಂದಳು ಬಸಲಿಂಗವ್ವ. ಉಳ್ಳಾಗಡ್ಡಿಯ ಹೌದಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ.

“ನಿಮ್ಮ ಜೊತೆಗೀಲಿಯನ್ನು ಯಾರಿಗಾದರೂ ಕೊಡಲು ಬಯಸುತ್ತೀರಾ?”

ನೀಲಾಂಬಿಕಾ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದಳು. ಚಿಗವ್ವನ ಹೆಸರು ಬರುತ್ತದೆ ಎಂದುಕೊಂಡಳು. ಅದೇ ನ್ಯಾಯ ಎಂದೂ ಅಂದುಕೊಂಡಳು.

ಒಳಗೆ ಅವ್ವ ಸೊರ್ರೆಂದು ಮೂಗು ಏರಿಸಿದಳು. “ಏನ್ ಮಾಡೂದು ತಂಗಿ,” ಎಂದಳು ಸ್ಮಿತಾಳಿಗೋ ಯಂತ್ರಕ್ಕೋ. “ಕೆಟ್ಟ ಖೋಡಿ ಐತಿ. ಆದ್ರ ನಂದ. ರಾತ್ರಿ ನೋವು ಎದ್ರ ಪಕ್ಕದಾಗ ಇರಾಕಿ ಅಕಿನ. ನನ್ನ ಮಗಳಿಗೆ ಕೊಡು. ನೀಲಾಂಬಿಕಾ.”

“ಕಲಂ ಹದಿನೇಳರ ಪ್ರಕಾರ ಅವರು ಅರ್ಹರಲ್ಲ. ದಯವಿಟ್ಟು ಬೇರೆ ಹೆಸರು ಹೇಳಿ.”

“ಅರ್ಹ ಅಲ್ಲಂದ್ರ? ನಾ ಹೆತ್ತೀನಿ ಅಕಿನ್ನ. ಕೊಡಾಕಿ ನಾನು.”

“ದಯವಿಟ್ಟು ಬೇರೆ ಹೆಸರು ಹೇಳಿ.”

“ಅಮ್ಮಾ,” ಎಂದು ಸ್ಮಿತಾ ಏನೋ ಹೇಳಹೋದಳು.

ಬಾಗಿಲಾಚೆ ನಿಂತವಳಿಗೆ ಅವ್ವ ಕುರ್ಚಿಯನ್ನು ಯಂತ್ರದ ಹತ್ತಿರಕ್ಕೆ ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಬಸಲಿಂಗವ್ವ, ಯಂತ್ರಕ್ಕೆ ಕಿವಿ ಮಂದವೆಂಬಂತೆ, ತನ್ನ ಹಳೆಯ ಗಟ್ಟಿ ದನಿಯಲ್ಲಿ ಮಗಳ ಹೆಸರನ್ನು ಮತ್ತೊಮ್ಮೆ ಕೂಗಿ ಹೇಳಿದಳು.